ಮುರುಗಲು ಪ್ರಾಜೆಕ್ಟ್: ಖಾಲಿ ವೆಲ್‌ನಲ್ಲೂ ನೇರಳೆ

ಮುರುಗಲು (ಕೋಕಂ) ಸಿಪ್ಪೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಾ ಅಂತ ನೋಡುವುದು ಈ ಪ್ರಾಜೆಕ್ಟ್. ಶಿರಸಿಯಲ್ಲಿ ಮಳೆ ಹಿಡಿಯುವ ಮೊದಲೇ ಸಿಪ್ಪೆ ಒಣಗಿಸಿದ್ದು ಒಳ್ಳೆಯದಾಯಿತು. ಬೆಟ್ಟದ ಮರದ ಕೆಂಪು ಮುರುಗಲು ಒಂದು ಡಬ್ಬಿ, ಆಯಿ ಪಿತ್ತಕ್ಕೆಂದು ಎತ್ತಿಟ್ಟಿದ್ದ ಬಿಳಿ ಮುರುಗಲು ಇನ್ನೊಂದು. ಎರಡನ್ನೂ ಬೇರೆ ಬೇರೆ ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಇಂಗಿಸಿದೆ. ಉಳಿದದ್ದು ಜೋನಿಬೆಲ್ಲದಂಥ ಅಂಟು. ತೂಕ ಮಾಡೋಣ ಅಂದರೆ ಸ್ಪಾಚುಲಾ ಬಿಟ್ಟು ಬರುವುದೇ ಇಲ್ಲ.

ಧಾರವಾಡದಲ್ಲಿ ಗೆಳತಿಯ ಲ್ಯಾಬಿನಲ್ಲಿ ಇದನ್ನು ಹೀಲಾ ಕೋಶಗಳ ಮೇಲೆ ಹಾಕಿದೆವು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಕೋಶಗಳ ಸಂತತಿ ಅದು. ಅಳತೆಗೆ ಎಂಟಿಟಿ. ಈ ಹಳದಿ ದ್ರಾವಣವನ್ನು ಬದುಕಿರುವ ಕೋಶ ನೇರಳೆ ಹರಳು ಮಾಡುತ್ತದೆ. ಹರಳು ಕರಗಿಸಿ 570 ನ್ಯಾನೊಮೀಟರ್‌ನಲ್ಲಿ ಓದುತ್ತಾರೆ. ನೇರಳೆ ಕಡಿಮೆಯಾದರೆ ಕೋಶ ಸತ್ತಿದೆ ಎಂದು ಲೆಕ್ಕ.

ಮಜಾ ಇರುವುದು ಇಲ್ಲೇ. ಹೋಲಿಕೆಗೆಂದು ಕೆಲವು ವೆಲ್‌ಗಳಲ್ಲಿ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ) ಕೋಶವೇ ಇಲ್ಲದೆ ಬರೀ ಮುರುಗಲು ಸಾರ, ಎಂಟಿಟಿ ಹಾಕಿದ್ದೆವು. ಅವೂ ನೇರಳೆ! ಸಿಪ್ಪೆಯ ಬಣ್ಣದ ಕಾಟ ಇರಬಹುದಾ ಅಂದರೆ, ಬಿಳಿ ಮುರುಗಲಿನಲ್ಲೂ ಅದೇ ಕಥೆ. ಮುರುಗಲಿನಲ್ಲಿರುವ ಗಾರ್ಸಿನಾಲ್‌ನಂಥ ಆಂಟಿಆಕ್ಸಿಡೆಂಟ್‌ಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯ ಬಣ್ಣ ಬದಲಿಸಬಲ್ಲವು. ಅಂದರೆ ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ.

ಇನ್ನೊಂದು ತಕರಾರು ಉಲ್ಟಾ. ಸಾರ ಜಾಸ್ತಿ ಹಾಕಿದ ವೆಲ್‌ಗಳಲ್ಲಿ ಕೋಶ ಬೆಳೆಸುವ ಗುಲಾಬಿ ಬಣ್ಣದ ದ್ರವ (ಮೀಡಿಯಂ) ನೋಡನೋಡುತ್ತಲೇ ಹಳದಿಯಾಯಿತು. ಅದರಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ ಹುಳಿ ಸಿಕ್ಕರೆ ಹಾಗೇ ಆಗುವುದು. ಮುರುಗಲಿನ ಹುಳಿ ಗೊತ್ತಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅಲ್ಲಿ ಕೋಶ ಸತ್ತರೆ ಅದು ಹುಳಿಯ ಕೆಲಸವೇ ಇರಬಹುದು. ಲಿಂಬೆರಸ ಹಾಕಿದರೂ ಸಾಯುತ್ತವೆ. ‘ಕ್ಯಾನ್ಸರ್‌ಗೆ ಮದ್ದು ಸಿಕ್ತಾ’ ಅಂತ ಕೇಳುವ ನೆಂಟರಿಗೆ ಈಗ ಇದೇ ಉತ್ತರ.

ನಮ್ಮ ಘಟ್ಟದ ದುರ್ವಾಸನೆ ಮರ ಯಾಕೆ ಬೇಡ ಅಂತಲೂ ಕೆಲವರು ಕೇಳಿದರು. ಅದರಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ ಇರುವುದು ಹಳೇ ಸುದ್ದಿ. ಇದನ್ನು 1966ರಲ್ಲಿ ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು ಚೀನಾ ಮೂಲದ ಮರವೊಂದರಲ್ಲಿ ಕಂಡುಹಿಡಿದರು. ಟೋಪೊಟಿಕಾನ್, ಇರಿನೊಟಿಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದದ್ದು ಅದರಿಂದಲೇ. ವ್ಯಾಪಾರಕ್ಕಾಗಿ ಘಟ್ಟದಲ್ಲಿ ಆ ಮರ ಸಾಕಷ್ಟು ಕಡಿದಾಗಿದೆ, ನಾನೂ ಯಾಕೆ ಕೊಡಲಿ ಹಿಡಿಯಲಿ?

ಮುಂದಿನ ಪ್ಲೇಟ್‌ಗೆ ಮೆಥನಾಲ್ ಬದಲು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೆಗೆದ ಸಾರ. ಗಾರ್ಸಿನಾಲ್ ಅದರಲ್ಲಿ ಬರುತ್ತದೆ, ಹುಳಿ ಬರುವುದಿಲ್ಲ. ಎಂಟಿಟಿ ಹಾಕುವ ಮೊದಲು ಸಾರ ತೊಳೆದು ತೆಗೆಯುತ್ತೇವೆ. ಜೊತೆಗೆ ಪ್ರೋಟೀನಿಗೆ ಬಣ್ಣ ಹಿಡಿಸುವ ಎಸ್‌ಆರ್‌ಬಿ ವಿಧಾನವನ್ನೂ ಮಾಡುತ್ತೇವೆ. ಪಕ್ಕದಲ್ಲಿ ಕ್ಯಾನ್ಸರ್ ಅಲ್ಲದ ವೀರೋ ಕೋಶ (ಕೋತಿಯ ಮೂತ್ರಪಿಂಡದ್ದು), ಹೋಲಿಕೆಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ. ವೀರೋ ಕೋಶವೂ ಅಷ್ಟೇ ಸತ್ತರೆ ಮುರುಗಲು ವಾಪಸ್ ಅಡುಗೆಮನೆಗೆ.