ಟೂರಿಂಗ್ ಬೈಕಿನ ಸೈಲೆನ್ಸರ್ ಮನೆಯಲ್ಲೇ ಬದಲಿಸುವುದು: ಸದ್ದಿನ ಮಾತು ಆಮೇಲೆ

ಸೈಲೆನ್ಸರ್ ಬದಲಿಸಿದರೆ ಗಾಡಿಗೆ ಎಷ್ಟು ಪವರ್ ಬರುತ್ತದೆ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಟೂರಿಂಗ್ ಬೈಕಿನ ಮಟ್ಟಿಗೆ ಈ ಪ್ರಶ್ನೆಯೇ ತಪ್ಪು. ಕೊನೆಯ ಡಬ್ಬಿ ಮಾತ್ರ ಬದಲಿಸಿದಾಗ, ಅಂದರೆ ಸ್ಲಿಪ್-ಆನ್ ಹಾಕಿದಾಗ, ಪವರ್‌ನಲ್ಲಿ ಆಗುವ ವ್ಯತ್ಯಾಸ ಓಡಿಸುವವರ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬರುವುದು ತೂಕ, ಪಕ್ಕದಲ್ಲಿ ಕಟ್ಟುವ ಸಾಮಾನಿನ ಪ್ಯಾನಿಯರ್ ಪೆಟ್ಟಿಗೆಗೆ ತಟ್ಟುವ ಬಿಸಿ, ಆರನೇ ಗಂಟೆಯ ಸವಾರಿಯಲ್ಲಿ ತಲೆಯೊಳಗೆ ಕೂತ ಗುಂಯ್ ಸದ್ದು. ಈ ಮೂರನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದರೆ ಫಲ ಚೆನ್ನಾಗಿರುತ್ತದೆ. ಪವರಿನ ಬೆನ್ನು ಹತ್ತಿದರೆ ಗಾಡಿ ಬೇಸರ ತರಿಸುತ್ತದೆ.

‘ಬ್ಯಾಕ್ ಪ್ರೆಶರ್ ಬೇಕೇ ಬೇಕು, ಇಲ್ಲದಿದ್ದರೆ ಪಿಕಪ್ ಹೋಗುತ್ತದೆ’ ಅನ್ನುವ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಎಂಜಿನ್ನಿಗೆ ಬ್ಯಾಕ್ ಪ್ರೆಶರ್, ಅಂದರೆ ಹೊರಹೋಗುವ ಗ್ಯಾಸಿಗೆ ಪೈಪಿನಲ್ಲಿ ಎದುರಾಗುವ ತಡೆ, ಬೇಕಿಲ್ಲ. ಬೇಕಿರುವುದು ಗ್ಯಾಸಿನ ವೇಗ ಮತ್ತು ಪೈಪಿನಲ್ಲಿ ಹಿಂದೆ ಮುಂದೆ ಓಡಾಡುವ ಒತ್ತಡದ ಅಲೆಗಳ ಸರಿಯಾದ ಹೊತ್ತು. ಪೈಪ್ ಅಗಲವಾದರೆ ಗ್ಯಾಸ್ ನಿಧಾನವಾಗುತ್ತದೆ, ಉದ್ದ ಬದಲಾದರೆ ಅಲೆ ವಾಲ್ವ್ ಹತ್ತಿರ ತಲುಪುವ ಹೊತ್ತು ಬದಲಾಗುತ್ತದೆ. ಕೆಳ ಆರ್‌ಪಿಎಮ್‌ನಲ್ಲಿ ಎಳೆತ ಕಡಿಮೆಯಾಗುವುದು ಇದರಿಂದ. ಸಾಮಾನು ಹೊತ್ತು ಘಾಟಿ ಹತ್ತುವ ಗಾಡಿಗೆ ಬೇಕಿರುವುದೇ ಆ ಕೆಳಗಿನ ಎಳೆತ. ಹಾಗಾಗಿ ಎಂಜಿನ್ನಿನಿಂದ ಹೊರಡುವ ಬೆಂಡ್ ಪೈಪನ್ನು ಮುಟ್ಟದೆ ಕೊನೆಯ ಡಬ್ಬಿಯನ್ನು ಮಾತ್ರ ಬದಲಿಸುವುದು ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಸರಿಯಾದ ದಾರಿ. ಇನ್ನೊಂದು ಕಾರಣವೂ ಇದೆ: ಈಗಿನ ಬಹಳಷ್ಟು ಬೈಕುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಎಂಜಿನ್ನಿನ ಕೆಳಗೆ, ಬೆಂಡ್ ಪೈಪ್ ಸೇರುವ ಕಡೆ ಇರುತ್ತದೆ. ಸ್ಲಿಪ್-ಆನ್ ಹಾಕಿದರೆ ಅದು ಉಳಿಯುತ್ತದೆ. ಕೆಲವು ಬೈಕುಗಳಲ್ಲಿ ಅದು ಡಬ್ಬಿಯೊಳಗೇ ಇರುತ್ತದೆ. ಕೊಳ್ಳುವ ಮುಂಚೆ ಎಲ್ಲಿದೆ ಎಂದು ನೋಡಿಕೊಳ್ಳಿ, ಅದಿಲ್ಲದೆ ರಸ್ತೆಗಿಳಿಯುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ.

ಕೊಳ್ಳುವ ಮುಂಚೆ ಟೇಪು ಹಿಡಿದು ಅಳೆಯಬೇಕಾದ್ದು ಇನ್ನೂ ಇದೆ, ಟೂರಿಂಗ್ ಬೈಕಿಗೆ ವಿಶೇಷವಾದದ್ದೂ ಇದೇ. ಪ್ಯಾನಿಯರ್ ಹಾಕಿ, ಪ್ರಯಾಣದಲ್ಲಿ ಒಯ್ಯುವಷ್ಟೇ ತೂಕ ತುಂಬಿ, ಪೆಟ್ಟಿಗೆಯನ್ನು ಕೈಯಿಂದ ಒಳಕ್ಕೆ ಒತ್ತಿ ಅಳೆಯಿರಿ. ಖಾಲಿ ಪೆಟ್ಟಿಗೆ ಇರುವ ಜಾಗಕ್ಕೂ ತುಂಬಿದ ಪೆಟ್ಟಿಗೆ ಗುಂಡಿಯಲ್ಲಿ ಜಗ್ಗುವ ಜಾಗಕ್ಕೂ ವ್ಯತ್ಯಾಸವಿದೆ. ಡಬ್ಬಿಗೂ ಪೆಟ್ಟಿಗೆಗೂ ನಡುವೆ ಕನಿಷ್ಠ 4 ಸೆಂ.ಮೀ. ಇರಲಿ, ಬಟ್ಟೆಯ ಚೀಲವಾದರೆ ಅದರ ಎರಡರಷ್ಟು. ಅಷ್ಟು ಜಾಗ ಸಿಗದಿದ್ದರೆ 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯನ್ನು ಪೆಟ್ಟಿಗೆಯ ಕಡೆಗೆ 10 ಮಿ.ಮೀ. ಸ್ಪೇಸರ್ ಇಟ್ಟು ಕೂರಿಸಿ. ಬಿಸಿ ತಡೆಯುವಲ್ಲಿ ಹಾಳೆಯಷ್ಟೇ ಪಾಲು ಅದರ ಹಿಂದಿನ ಗಾಳಿಯದು, ಹಾಳೆಯನ್ನು ಪೆಟ್ಟಿಗೆಗೇ ಅಂಟಿಸಿದರೆ ಅರ್ಧ ಕೆಲಸ ವ್ಯರ್ಥ. ಹೊಗೆ ಹೊರಬರುವ ಬಾಯಿ ಪೆಟ್ಟಿಗೆಯ ಕಡೆಗೋ ನಂಬರ್ ಪ್ಲೇಟಿನ ಕಡೆಗೋ ತಿರುಗಿರಬಾರದು.

ಆಮೇಲೆ ಸೆಂಟರ್ ಸ್ಟ್ಯಾಂಡ್. ಇದನ್ನು ಮರೆಯುವವರೇ ಹೆಚ್ಚು. ಹಲವು ಬೈಕುಗಳಲ್ಲಿ ಸ್ಟ್ಯಾಂಡ್ ಮೇಲಕ್ಕೆ ಮಡಚಿದಾಗ ತಾಗಿ ನಿಲ್ಲುವ ರಬ್ಬರ್ ತುಂಡು ಹಳೆಯ ಸೈಲೆನ್ಸರಿನ ಮೇಲೇ ಇರುತ್ತದೆ. ಅದು ಹೋದರೆ ಸ್ಟ್ಯಾಂಡ್ ಇನ್ನೂ ಮೇಲೆ ಹೋಗಿ ಚೈನಿಗೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೋ ಬಡಿಯುತ್ತದೆ. ಹೊಸ ಕಿಟ್ಟಿನಲ್ಲಿ ಬೇರೆ ಸ್ಟಾಪರ್ ಇದೆಯೇ ನೋಡಿ. ಇಲ್ಲದಿದ್ದರೆ ಫ್ರೇಮಿಗೆ ಒಂದನ್ನು ಮಾಡಿಸಬೇಕು. ಸ್ವಿಂಗ್ ಆರ್ಮ್ ಪೂರ್ತಿ ಮೇಲೆ ಬಂದಾಗ ಪೈಪಿಗೆ ತಾಗುವುದಿಲ್ಲವೇ ಎಂಬುದನ್ನೂ ಪರೀಕ್ಷಿಸಿ. ಬೈಕನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಹಿಂದಿನ ಚಕ್ರವನ್ನು ಕೈಯಿಂದ ಎತ್ತಿದರೆ ತಿಳಿಯುತ್ತದೆ. ಒಬ್ಬರೇ ಓಡಿಸುವಾಗ ತಾಗದ ಪೈಪು, ಹಿಂದೆ ಇನ್ನೊಬ್ಬರು ಕೂತು ಗುಂಡಿಗೆ ಬಿದ್ದಾಗ ತಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಅವಸರ ಬೇಡ. ಸ್ಲಿಪ್-ಆನ್ ಆದರೆ ಒಂದು ಕ್ಲ್ಯಾಂಪು, ಒಂದೆರಡು ಮೌಂಟಿಂಗ್ ಬೋಲ್ಟು, ಅಷ್ಟೇ. ಬೆಂಡ್ ಪೈಪೂ ಬಿಚ್ಚಬೇಕಾದರೆ ಅಲ್ಲಿದೆ ಅಪಾಯ: ಸಿಲಿಂಡರ್ ಹೆಡ್ಡಿನ ಸ್ಟಡ್ಡುಗಳು, ಅಂದರೆ ಹೆಡ್ಡಿಗೇ ಕೂರಿಸಿರುವ ತಲೆಯಿಲ್ಲದ ಬೋಲ್ಟುಗಳು. ಸಾಮಾನ್ಯವಾಗಿ ಎಂ6 ಅಥವಾ ಎಂ8 ಅಳತೆಯವು, ವರ್ಷಗಟ್ಟಲೆ ಕಾದು ಆರಿ ತುಕ್ಕು ಹಿಡಿದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ಇನ್ನೊಮ್ಮೆ ಹಾಕಿ. ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಹೊರಕ್ಕೆ, ಅರ್ಧದಷ್ಟು ಒಳಕ್ಕೆ, ಮತ್ತೆ ಎಣ್ಣೆ. ಪಾನ (ಸ್ಪ್ಯಾನರ್) ಸ್ಪ್ರಿಂಗಿನಂತೆ ಬಳುಕುತ್ತಿದ್ದು ನಟ್ಟು ಕದಲದಿದ್ದರೆ ಅಲ್ಲಿಗೇ ನಿಲ್ಲಿಸಿ, ತಿರುಚಿಕೊಳ್ಳುತ್ತಿರುವುದು ಸ್ಟಡ್ಡು. ಎಣ್ಣೆಯೆಲ್ಲ ಒರೆಸಿ ಒಣಗಿಸಿ, ನಟ್ಟಿಗೆ ಮಾತ್ರ ಬಿಸಿ ಕೊಡಿ. ಮುರಿದೇಹೋದರೆ, ತುದಿ ಹೊರಗಿದ್ದರೆ ಅದರ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸುವುದು ಎಲ್ಲಕ್ಕಿಂತ ಸುಲಭ, ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ತಂತಿ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿಡಬೇಕು. ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಮನೆಯಲ್ಲಿ ಕೈಡ್ರಿಲ್ ಹಿಡಿಯಬೇಡಿ. ಡ್ರಿಲ್ಲಿನ ಮೊನೆ ಗಟ್ಟಿ ಸ್ಟಡ್ಡಿನಿಂದ ಜಾರಿ ಮೆದು ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ.

ಪೈಪು ಹೊರಬಂದ ಮೇಲೆ ಹೆಡ್ಡಿನ ಬಾಯೊಳಗೆ ಟಾರ್ಚ್ ಬಿಡಿ. ಹಳೆಯ ಗ್ಯಾಸ್ಕೆಟ್ ಮಸಿ ಹಿಡಿದು, ಹೆಡ್ಡಿನದೇ ಭಾಗದಂತೆ ಕಾಣುತ್ತಾ ಒಳಗೇ ಕೂತಿರುತ್ತದೆ. ತಿಳಿಯದೆ ಅದರ ಮೇಲೇ ಹೊಸದನ್ನು ಇಟ್ಟರೆ ಎರಡು ಗ್ಯಾಸ್ಕೆಟ್ ಆಗಿ ಫ್ಲಾಂಜ್ ಸೊಟ್ಟಗೆ ಕೂರುತ್ತದೆ, ಸೋರುತ್ತದೆ. ಕೊಕ್ಕೆಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಈ ಗ್ಯಾಸ್ಕೆಟ್ ಅಮುಕಿಕೊಂಡು ಸೀಲ್ ಆಗುವಂಥದ್ದು, ಹಾಗಾಗಿ ಒಮ್ಮೆ ಮಾತ್ರ ಉಪಯೋಗ. ಪ್ರತಿ ಸಿಲಿಂಡರಿಗೆ ಒಂದರಂತೆ ಹೊಸದು ತಂದಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಿ.

ಆಕ್ಸಿಜನ್ ಸೆನ್ಸರನ್ನು ಪೈಪು ಬಿಚ್ಚುವ ಮುಂಚೆಯೇ ತೆಗೆಯಿರಿ, ಕನಿಷ್ಠ ಅದರ ಕನೆಕ್ಟರನ್ನಾದರೂ. ಪೈಪು ತನ್ನ ತೂಕವನ್ನೆಲ್ಲ ಆ ತಂತಿಯ ಮೇಲೆ ಹೇರಿದರೆ ಸೆನ್ಸರ್ ಅಲ್ಲಿಗೆ ಮುಗಿಯಿತು. ಥ್ರೆಡ್ ಎಂ18 ಅಥವಾ ಎಂ12 ಇರುತ್ತದೆ, ಹೊಸ ಪೈಪಿನಲ್ಲಿ ಅದೇ ಅಳತೆ ಇದೆಯೇ ಎಂದು ಮೊದಲೇ ನೋಡಿ. ವಾಪಸ್ ಹಾಕುವಾಗ, ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿ-ಸೀಜ್ ಪೇಸ್ಟು ಥ್ರೆಡ್ಡಿಗೆ ಮಾತ್ರ, ಅದೂ ತೆಳ್ಳಗೆ. ತುದಿಗೆ ತಾಗಬಾರದು. ಸಾಮಾನ್ಯ ಸಿಲಿಕೋನ್ ಸೀಲೆಂಟನ್ನು ಸೆನ್ಸರಿಗಿಂತ ಮುಂದಿನ, ಅಂದರೆ ಎಂಜಿನ್ ಕಡೆಯ, ಯಾವ ಜೋಡಣೆಗೂ ಹಚ್ಚಬೇಡಿ, ಅದರ ಆವಿ ಸೆನ್ಸರಿಗೆ ವಿಷ.

ಈಗ ಜೋಡಣೆ. ಸ್ಟೇನ್‌ಲೆಸ್ ಪೈಪು 400 ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಆ 7 ಮಿ.ಮೀ. ಎಲ್ಲಿಗೋ ಹೋಗಲೇಬೇಕು. ಅದಕ್ಕೇ ಒಂದರೊಳಗೊಂದು ಜಾರುವ ಜೋಡಣೆ, ಸ್ಪ್ರಿಂಗು, ರಬ್ಬರ್ ಬುಷ್ಷಿನ ಮೌಂಟು. ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ. ಡಬ್ಬಿಯ ಮೌಂಟಿಂಗ್ ತೂತಿಗೆ ಬೋಲ್ಟು ಬೆರಳಲ್ಲೇ ಒಳಹೋಗಬೇಕು. ಎಳೆದು, ಒದ್ದು, ಸ್ಕ್ರೂಡ್ರೈವರ್ ತೂರಿಸಿ ಹೊಂದಿಸಿದರೆ ಆ ಸೆಳೆತ ಬ್ರಾಕೆಟ್ಟಿನ ವೆಲ್ಡಿಂಗಿನಲ್ಲಿ ಉಳಿದು ಕೆಲವು ಸಾವಿರ ಕಿಲೋಮೀಟರಿಗೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಅಂತರ ಇದ್ದರೆ ವಾಷರ್ ತುಂಬಿ. ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ: ಮೊದಲು ಹೆಡ್ಡಿನ ನಟ್ಟು, ನಂತರ ನಡುವಿನ ಕ್ಲ್ಯಾಂಪು, ಕೊನೆಗೆ ಡಬ್ಬಿಯ ಮೌಂಟು. ಹೆಡ್ಡಿನ ಎರಡು ನಟ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಒಂದಾದ ಮೇಲೊಂದು ತಿರುಗಿಸಿ, ಫ್ಲಾಂಜಿನ ಎರಡೂ ಕಡೆ ಸಂದು ಸಮನಾಗಿರಲಿ. ಟಾರ್ಕು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ. ಅಂದಾಜಿಗೆ ಎಂ6ಗೆ 10, ಎಂ8ಗೆ 20 ನ್ಯೂಟನ್ ಮೀಟರ್ ಆಸುಪಾಸು. ಥ್ರೆಡ್ಡಿಗೆ ಆಂಟಿ-ಸೀಜ್ ಹಚ್ಚಿದ್ದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ, ಸ್ವಲ್ಪ ಕಡಿಮೆಯಲ್ಲೇ ನಿಲ್ಲಿಸಿ.

ನೈಲಾನ್ ಸುತ್ತಿನ ಲಾಕ್ ನಟ್ಟು ಪೈಪಿನ ಬಿಸಿಗೆ ಕರಗಿ ಬರೀ ನಟ್ಟಾಗುತ್ತದೆ. ಸಾಮಾನ್ಯ ಥ್ರೆಡ್ ಲಾಕ್ ಗೋಂದು ಕೂಡ 150 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತದೆ. ಪೂರ್ತಿ ಲೋಹದ ಲಾಕ್ ನಟ್ಟು, ಇಲ್ಲವೇ ತಾಮ್ರ ಲೇಪದ ನಟ್ಟು ಬಳಸಿ. ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಡಬ್ಬಿಯ ಬಾಯೊಳಗೆ ಕೂರುವ ಕೊಳವೆ) ಹಿಡಿದಿಡುವ ಒಂಟಿ ಸ್ಕ್ರೂಗೆ ಲಾಕ್ ವೈರ್ ಕಟ್ಟಿ. ಅದು ಬಿಚ್ಚಿಕೊಂಡರೆ ಆ ಕೊಳವೆ ಹಿಂದೆ ಬರುತ್ತಿರುವವರ ಮೇಲೆ ಹಾರುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಪೈಪನ್ನೆಲ್ಲ ಒರೆಸಿ. ಬೆರಳಿನ ಎಣ್ಣೆ ಗುರುತು ಒಮ್ಮೆ ಸುಟ್ಟು ಕೂತರೆ ಸ್ಟೇನ್‌ಲೆಸ್ ಮೇಲಿಂದ ಹೋಗುವುದು ಕಷ್ಟ, ಟೈಟೇನಿಯಂ ಮೇಲಿಂದಂತೂ ಇನ್ನೂ ಕಷ್ಟ. ಸೋರಿಕೆ ಪರೀಕ್ಷೆಯನ್ನೂ ತಣ್ಣಗಿರುವಾಗಲೇ ಮುಗಿಸಿ. ವ್ಯಾಕ್ಯೂಮ್ ಕ್ಲೀನರನ್ನು ಊದುವ ಕಡೆಗೆ ಹಾಕಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಪ್ರತಿ ಜೋಡಣೆಗೂ ಸೋಪು ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಜಾರುವ ಜೋಡಣೆಯಲ್ಲಿ ಒಂದೆರಡು ಸಣ್ಣ ಗುಳ್ಳೆ ಬಂದರೆ ಚಿಂತೆಯಿಲ್ಲ, ಮೊದಲ ಕೆಲವು ಬಿಸಿಯಲ್ಲಿ ಮಸಿ ಕೂತು ಮುಚ್ಚಿಕೊಳ್ಳುತ್ತದೆ. ಹೆಡ್ಡಿನ ಹತ್ತಿರ, ಸೆನ್ಸರಿಗಿಂತ ಮುಂದೆ, ಒಂದು ಗುಳ್ಳೆಯೂ ಸಲ್ಲದು.

ಯಾಕೆಂದರೆ ಪೈಪಿನಲ್ಲಿ ಗ್ಯಾಸು ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಸೋರುವ ಸಂದೇ ಗಾಳಿ ಹೀರುತ್ತದೆ. ಸೆನ್ಸರಿಗೆ ಹೆಚ್ಚುವರಿ ಆಕ್ಸಿಜನ್ ಕಂಡು, ಪೆಟ್ರೋಲ್ ಸಾಲದು ಎಂದು ಇಸಿಯು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ. ಆ ಸಿಡಿತವನ್ನು ‘ರೇಸ್ ಸೌಂಡ್’ ಎಂದು ಖುಷಿಪಡುವವರಿದ್ದಾರೆ, ಇರಲಿ. ಸೋರಿಕೆ ಎಲ್ಲೂ ಇಲ್ಲದೆಯೂ ಸಣ್ಣಗೆ ಸಿಡಿದರೆ, ಎಮಿಷನ್ನಿಗಾಗಿ ಹೆಡ್ಡಿನಲ್ಲೇ ಹೊಸ ಗಾಳಿ ಬಿಡುವ ವ್ಯವಸ್ಥೆ ನಿಮ್ಮ ಬೈಕಿನಲ್ಲಿರಬಹುದು, ಮೊದಲು ಡಬ್ಬಿಯಲ್ಲಿ ಮುಳುಗುತ್ತಿದ್ದ ಸದ್ದು ಈಗ ಕೇಳಿಸುತ್ತಿದೆ ಅಷ್ಟೆ.

ಮೊದಲ ಸ್ಟಾರ್ಟ್ ಬಯಲಿನಲ್ಲೇ ಆಗಲಿ. ಬಾಗಿಲು ತೆರೆದ ಗ್ಯಾರೇಜು ಕೂಡ ಬಯಲಲ್ಲ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಹತ್ತು ನಿಮಿಷ ಓಡಿಸಿ, ಕೈ ಇಡುವಷ್ಟು ಪೂರ್ತಿ ಆರಿದ ಮೇಲೆ ಎಲ್ಲ ನಟ್ಟುಗಳಿಗೂ ಇನ್ನೊಮ್ಮೆ ಟಾರ್ಕು ಹಾಕಿ. ಹೊಸ ಗ್ಯಾಸ್ಕೆಟ್ ಅಮುಕಿಕೊಂಡು ಒಂದಷ್ಟು ಸಡಿಲ ಬಿಟ್ಟಿರುತ್ತದೆ.

ಇನ್ನು ಪೆಟ್ರೋಲ್ ಮ್ಯಾಪಿನ, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಸುರಿಯಬೇಕೆಂದು ಇಸಿಯುನಲ್ಲಿ ಬರೆದಿಟ್ಟ ಪಟ್ಟಿಯ ವಿಚಾರ: ಕ್ಯಾಟ್ ಉಳಿಸಿಕೊಂಡು, ಸೆನ್ಸರಿನ ಹಿಂದಿನ ಡಬ್ಬಿ ಮಾತ್ರ ಬದಲಿಸಿದ್ದರೆ ಸಾಮಾನ್ಯವಾಗಿ ಏನೂ ಬೇಕಿಲ್ಲ. ಹದವಾದ ವೇಗದಲ್ಲಿ ಇಸಿಯು ಸೆನ್ಸರ್ ನೋಡಿಕೊಂಡು ಗಾಳಿ-ಪೆಟ್ರೋಲಿನ ತೂಕದ ಪ್ರಮಾಣವನ್ನು (ಎಥನಾಲ್ ಬೆರೆಸದ ಪೆಟ್ರೋಲಾದರೆ 14.7ಕ್ಕೆ 1ರ ಹತ್ತಿರ) ತಾನೇ ಹಿಡಿದಿಡುತ್ತದೆ. ಥ್ರಾಟಲ್ ಪೂರ್ತಿ ತಿರುವಿದಾಗ ಮಾತ್ರ ಬಹಳಷ್ಟು ಬೈಕುಗಳು ಸೆನ್ಸರನ್ನು ಬಿಟ್ಟು ಬರೆದಿಟ್ಟ ಮ್ಯಾಪನ್ನು ನಂಬುತ್ತವೆ. ಬೆಂಡ್ ಪೈಪೂ ಬದಲಾಗಿದ್ದರೆ ತೊಂದರೆ ಬರುವುದು ಅಲ್ಲಿ. ಹಾಗಿದ್ದಾಗ ವೈಡ್‌ಬ್ಯಾಂಡ್ ಸೆನ್ಸರಿನಿಂದ (ಗಾಳಿ-ಪೆಟ್ರೋಲ್ ಪ್ರಮಾಣವನ್ನು ನಿಖರವಾಗಿ ಅಳೆಯುವ ಆಕ್ಸಿಜನ್ ಸೆನ್ಸರ್) ಅಳೆದು ಮ್ಯಾಪ್ ತಿದ್ದಿಸಬೇಕು. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸುವ ಹಳೆಯ ಪದ್ಧತಿ ಸೀಸವಿಲ್ಲದ ಪೆಟ್ರೋಲಿಗೆ ನಂಬುವಂತಿಲ್ಲ. ಪೈಪಿನೊಳಗೆ ವಾಲ್ವು ತಿರುಗಿಸುವ ಸರ್ವೋ ಮೋಟಾರ್ ಇದ್ದರೆ ಅದರ ಕೇಬಲ್ ಬಿಚ್ಚಿ ಸುಮ್ಮನೆ ಬಿಡಬೇಡಿ, ಎರರ್ ಕೋಡ್ ಬರುತ್ತದೆ.

ಇನ್ನು ಆ ಗುಂಯ್ ಸದ್ದು. ಎರಡು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 4500 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 75 ಸಲ ಹೊಡೆಯುತ್ತದೆ, ಅಂದರೆ 75 ಹರ್ಟ್ಜ್. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹಿಡಿದಿಡುವ ವೇಗದ ಆಸುಪಾಸಿನದೇ ಇದು. ಕಾರಿನವರು ಇಂಥ ಸದ್ದಿಗೆ ತುದಿ ಮುಚ್ಚಿದ ಕವಲು ಪೈಪು ಬೆಸೆಯುತ್ತಾರೆ, ಉದ್ದ ಅಲೆಯ ಕಾಲು ಭಾಗ. ಬಿಸಿ ಗ್ಯಾಸಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 500 ಮೀಟರ್ ಎಂದು ಹಿಡಿದರೂ 75 ಹರ್ಟ್ಜಿಗೆ ಬೇಕಾಗುವುದು ಸುಮಾರು 1.7 ಮೀಟರ್ ಪೈಪು. ಬೈಕಿನಲ್ಲಿ ಅದನ್ನು ಎಲ್ಲಿಡುತ್ತೀರಿ? ಹಾಗಾಗಿ ದಾರಿ ಎರಡೇ: ದೊಡ್ಡ ಒಡಲಿನ ಡಬ್ಬಿ ಆರಿಸುವುದು, ಡಿಬಿ ಕಿಲ್ಲರನ್ನು ತೆಗೆಯದಿರುವುದು. ಗಿಡ್ಡ ಡಬ್ಬಿ ನೋಡಲು ಚೆಂದ, ಊರೊಳಗೆ ಕೇಳಲೂ ಚೆಂದ, 400 ಕಿಲೋಮೀಟರ್ ಆದಮೇಲೆ ಅದೇ ತಲೆನೋವು.

ಒಳಗಿನ ಗ್ಲಾಸ್ ವೂಲ್ ಸುಟ್ಟು ಪುಡಿಯಾಗಿ ಹೊರಹೋಗುತ್ತಾ ಇರುತ್ತದೆ. ಸದ್ದು ತಿಂಗಳಿಂದ ತಿಂಗಳಿಗೆ ಒರಟಾಗುತ್ತಿದ್ದರೆ, ಡಬ್ಬಿಯ ಹೊರಮೈ ಬಣ್ಣ ಬದಲಾಗುತ್ತಿದ್ದರೆ ಅದೇ ಕಾರಣ. ರಿವೆಟ್ಟುಗಳ ತಲೆಯನ್ನು ಡ್ರಿಲ್ ಮಾಡಿ ತೆಗೆದು, ತೂತಿನ ಕೊಳವೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಉಣ್ಣೆಯನ್ನು ಎಲ್ಲೆಡೆ ಒಂದೇ ದಪ್ಪಕ್ಕೆ ಸುತ್ತಿ. ಹಳೆಯ ಉಣ್ಣೆಯನ್ನು ಬಿಸಾಡುವ ಮುಂಚೆ ತೂಗಿ ನೋಡಬೇಡಿ, ಅರ್ಧ ಆಗಲೇ ಗಾಳಿಗೆ ಹೋಗಿರುತ್ತದೆ. ಡಬ್ಬಿ ತಯಾರಕರು ಹೇಳಿದ ತೂಕವನ್ನೇ ತುಂಬಿ. ಸಡಿಲವಾದರೆ ಬೇಗ ಹಾರಿಹೋಗುತ್ತದೆ, ಗಿಡಿದು ತುಂಬಿದರೆ ಸದ್ದು ಹೀರುವುದಿಲ್ಲ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಕಡ್ಡಾಯ, ಮುಚ್ಚಲು ಸ್ಟೇನ್‌ಲೆಸ್ ರಿವೆಟ್ಟು.

ಪೈಪಿಗೆ ಬಟ್ಟೆಯಂಥ ಹೀಟ್ ವ್ರ್ಯಾಪ್ ಸುತ್ತುವುದು ಮಳೆಯಲ್ಲೂ ಓಡುವ ಗಾಡಿಗೆ ಬೇಡ. ನೀರು ಹಿಡಿದಿಟ್ಟುಕೊಂಡು ಮಾಮೂಲಿ ಉಕ್ಕಿನ ಪೈಪನ್ನು ಕಣ್ಣಿಗೆ ಕಾಣದಂತೆ ಕೊಳೆಸುತ್ತದೆ.

ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ 500 ಕಿಲೋಮೀಟರಾದರೂ ಹತ್ತಿರದಲ್ಲೇ ಓಡಿಸಿ, ಮತ್ತೊಮ್ಮೆ ಪಾನ ಹಿಡಿಯಿರಿ. ಜೋಡಣೆಗಳ ಸುತ್ತ ಕರಿ ಮಸಿ ಗೆರೆ, ಬ್ರಾಕೆಟ್ಟಿನ ವೆಲ್ಡ್ ಪಕ್ಕ ಕೂದಲೆಳೆ ಬಿರುಕು, ಪೆಟ್ಟಿಗೆಯ ಒಳಮೈ ಮೆತ್ತಗಾಗಿದೆಯೇ ಎಂದು ನೋಡಿ. ಟೂಲ್ ಚೀಲದಲ್ಲಿ ಒಂದು ಹೆಚ್ಚುವರಿ ಸ್ಪ್ರಿಂಗು, ಒಂದು ಮೌಂಟಿಂಗ್ ಬೋಲ್ಟು, ಒಂದು ಮೀಟರ್ ಸ್ಟೇನ್‌ಲೆಸ್ ತಂತಿ ಇರಲಿ. ಹಳೆಯ ಸೈಲೆನ್ಸರನ್ನು ಮಾರಬೇಡಿ, ಬಾಯಿಗೆ ಬಟ್ಟೆ ತುರುಕಿ, ಅದರ ಬೋಲ್ಟುಗಳನ್ನು ಅದಕ್ಕೇ ಕಟ್ಟಿ ಅಟ್ಟಕ್ಕೆ ಹಾಕಿ.