ಹತ್ತದವರ ಲೆಕ್ಕ

ತಂಗುದಾಣಕ್ಕೆ ಕಟ್ಟಿದ್ದ ಟೇಪು ಬಿಚ್ಚಿದ ಮರುದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಜಾಗ ಗುರುತು ಮಾಡಿದವನು ನಾನು, ನಕ್ಷೆ ಬರೆದವನೂ ನಾನು. ಸ್ಟೀಲ್ ಬೆಂಚು, ಮೇಲೆ ಶೀಟು, ಬಸ್ಸು ರಸ್ತೆಗೆ ಅಡ್ಡವಾಗದೆ ಒಳಗೆ ಬಂದು ನಿಲ್ಲಲಿ ಅಂತ ಫುಟ್‌ಪಾತ್ ಕೊರೆದು ಮಾಡಿದ ಬಸ್ ಬೇ. ಮೊದಲ ಬಸ್ಸು ಬಂತು. ಬೇ ದಾಟಿ ಮೂವತ್ತು ಹೆಜ್ಜೆ ಮುಂದೆ, ಬೇವಿನ ಮರದ ಕೆಳಗೆ ನಿಂತಿತು. ಬೆಂಚಿನ ಮೇಲಿದ್ದ ಇಬ್ಬರು ಅಜ್ಜಿಯರು ಚೀಲ ಎತ್ತಿಕೊಂಡು ಓಡಿದರು. ಎರಡನೇ ಬಸ್ಸೂ ಅಲ್ಲೇ, ಮೂರನೆಯದೂ ಅಲ್ಲೇ. ಹತ್ತು ಗಂಟೆಯ ಹೊತ್ತಿಗೆ ನನ್ನ ಬೇಯಲ್ಲಿ ನಾಲ್ಕು ಆಟೋ, ಒಂದು ಮಂಡಕ್ಕಿ ಗಾಡಿ.

ದಾವಣಗೆರೆಯ ಯಾವ ರಸ್ತೆ ಅಂತ ಬರೆಯುವುದಿಲ್ಲ. ಹಳೇ ಊರು ಅಂದರೆ ಸಾಕು. ಬರೆದರೆ ನಮ್ಮ ಮನೆಯವರಿಗೂ ಗೊತ್ತಾಗುತ್ತದೆ.

ನಾನು ಇಲ್ಲಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿ, ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ರಸ್ತೆ ಸರ್ವೇ ಕೆಲಸ ಮಾಡುವವನು. ಬಸ್ ಸ್ಟಾಪ್ ಎಲ್ಲಿ ಇರಬೇಕು, ಫುಟ್‌ಪಾತ್ ಎಷ್ಟಗಲ ಬೇಕು, ಗಾಡಿ ಎಲ್ಲಿ ನಿಲ್ಲಬೇಕು ಅಂತ ಎಣಿಸಿ ಕೊಡುವುದು ನಮ್ಮ ಕೆಲಸ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ನಮ್ಮೂರ ಹೆಸರು ಬಂದಾಗಿನಿಂದ ಇಲ್ಲಿ ಅಗೆಯದ ರಸ್ತೆ ಕಡಿಮೆ, ನಮ್ಮಂಥವರ ಕೈಗೂ ಕೆಲಸ ಸಿಕ್ಕಿತು. ಈ ತಂಗುದಾಣದ ಎಣಿಕೆ ನಡೆದದ್ದು 2023ರ ಶುರುವಿನಲ್ಲಿ.

ಟೀ ಕುಡಿದು ಮುಗಿಸಿ ಬೇವಿನ ಮರದ ಹತ್ತಿರ ಹೋದೆ. ಮುಂದಿನ ಬಸ್ಸಿನ ಕಂಡಕ್ಟರ್‌ಗೆ ಐವತ್ತರ ಮೇಲೆ ವಯಸ್ಸು. ಬೇಯೊಳಗೆ ಯಾಕೆ ಹೋಗುವುದಿಲ್ಲ ಅಂತ ಕೇಳಿದರೆ, “ಒಳಗೆ ಹೋದ್ರೆ ಹೊರಗೆ ಬಿಡೋರು ಯಾರ್ರಿ? ಒಬ್ಬ ಬೈಕಿನವನಾದ್ರೂ ನಿಲ್ತಾನಾ?” ಅಂದರು. ಬಾಗಿಲಲ್ಲಿ ನಿಂತೇ ಇನ್ನೊಂದು ಮಾತು ಸೇರಿಸಿದರು: “ಅಲ್ರಿ ಇಂಜಿನಿಯರ್ರೇ, ನಮ್ಮನ್ನ ಮೊದಲೇ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ರೈಟ್!”

ಲೆಕ್ಕ ನೋಡಿದರೆ ಅವರ ಮಾತೇ ಸರಿ. ದೊಡ್ಡ ಬಸ್ಸು 12 ಮೀಟರ್ ಉದ್ದ. ಅದು ಓರೆಯಾಗಿ ಒಳಗೆ ಬಂದು, ಕರ್ಬಿಗೆ, ಅಂದರೆ ಫುಟ್‌ಪಾತಿನ ಅಂಚಿನ ಕಲ್ಲಿಗೆ, ಸಮಾನಾಂತರವಾಗಿ ನಿಂತು, ಮತ್ತೆ ಓರೆಯಾಗಿ ಹೊರಗೆ ಹೋಗಬೇಕಾದರೆ ಹಿಂದೆ ಮುಂದೆ ಬಸ್ಸಿನಷ್ಟೇ ಜಾಗ ಬೇಕು. ನಮಗೆ ಸಿಕ್ಕಿದ್ದು ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಒಂದು ಚರಂಡಿ ತಿರುವಿನ ನಡುವಿನ ತುಂಡು. ಮೂತಿ ಒಳಗೆ ಹೋದರೂ ಬಾಲ ರಸ್ತೆಯಲ್ಲೇ ಉಳಿಯುತ್ತದೆ. ಬಾಗಿಲಿಗೂ ಕರ್ಬಿಗೂ ನಡುವೆ ಒಂದು ಮಾರು ಅಂತರ. ಕರ್ಬ್ 150 ಮಿಲಿಮೀಟರ್ ಎತ್ತರ ಇದ್ದರೆ ಬಸ್ಸಿನ ಮೊದಲ ಮೆಟ್ಟಿಲು ಅಷ್ಟಾದರೂ ಹತ್ತಿರವಾಗುತ್ತದೆ. ರಸ್ತೆಗೆ ಇಳಿದು ಹತ್ತುವ ಅಜ್ಜಿಗೆ ಆ ಅನುಕೂಲವೂ ತಪ್ಪಿತು. ಪುಸ್ತಕದಲ್ಲಿ ಚಂದ ಕಾಣುವ ಬೇ, ನಮ್ಮೂರಿನಷ್ಟು ಅಗಲದ ರಸ್ತೆಯಲ್ಲಿ ಆಟೋ ಸ್ಟ್ಯಾಂಡ್ ಆಗದೆ ಇನ್ನೇನಾಗುತ್ತದೆ. ಬೇಕಾಗಿದ್ದದ್ದು ಅದರ ಉಲ್ಟಾ: ಫುಟ್‌ಪಾತನ್ನೇ ಬಸ್ಸಿನ ಕಡೆಗೆ ಮುಂದಕ್ಕೆ ತರುವುದು. ಬಸ್ಸು ತನ್ನ ಸಾಲಿನಲ್ಲೇ ನಿಂತು, ಹತ್ತಿಸಿಕೊಂಡು, ಹೊರಡುತ್ತದೆ. ಹಿಂದಿನವರು ಅರ್ಧ ನಿಮಿಷ ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಇದು ಡ್ರಾಯಿಂಗಿನ ತಪ್ಪು, ತಿದ್ದಬಹುದಾದದ್ದು. ನನ್ನನ್ನು ಹೆಚ್ಚು ಕಾಡಿದ್ದು ಬೇರೆ.

ನಮ್ಮ ಆಫೀಸಿನ ಸರ್ ಬೈದು, ಮತ್ತೊಮ್ಮೆ ಎಣಿಸಿಕೊಂಡು ಬಾ ಅಂತ ಕಳಿಸಿದರು. ಹಳೇ ಫಾರಂ ತೆಗೆದು ನೋಡಿದೆ. ಬೆಳಿಗ್ಗೆ 8ರಿಂದ 11, ಸಂಜೆ 4.30ರಿಂದ 7.30. ಹತ್ತಿದವರು, ಇಳಿದವರು, ಎರಡೇ ಕಾಲಂ. ದೊಡ್ಡ ಊರಿನ ಆಫೀಸು ವೇಳೆಗೆ ಮಾಡಿದ ಫಾರಂ ಅದು. ಈ ಊರಿನ ಗಡಿಯಾರ ಬೇರೆ. ಹನ್ನೊಂದಕ್ಕೆ ಸಿ.ಜಿ. ಆಸ್ಪತ್ರೆಗೆ ತೋರಿಸಿಕೊಂಡು ಬಂದ ಹಳ್ಳಿಯವರು ಪೇಟೆ ಕಡೆ ಹೊರಡುತ್ತಾರೆ. ಮಧ್ಯಾಹ್ನ ಹರಪನಹಳ್ಳಿ, ಜಗಳೂರು, ಚನ್ನಗಿರಿ ಕಡೆಯಿಂದ ಮದುವೆ ಜವಳಿಗೆ ಬಂದವರು. (ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ, ಆಮೇಲೆ ವಿಜಯನಗರ ಜಿಲ್ಲೆಗೆ ಹೋಯಿತು. ಸೀರೆ ತೆಗೆಯಲು ಮಾತ್ರ ಇನ್ನೂ ಇಲ್ಲಿಗೇ ಬರುತ್ತಾರೆ.) ಇವರ್‍ಯಾರೂ ನಮ್ಮ ಫಾರಂನಲ್ಲಿ ಇರಲಿಲ್ಲ.

ಈ ಸಲ ರಾತ್ರಿಯವರೆಗೂ ನಿಂತೆ. ಒಂಬತ್ತು ಗಂಟೆ ಆಗುತ್ತಿದ್ದಂತೆ ಜವಳಿ ಅಂಗಡಿಗಳ ಶಟರ್ ಒಂದೊಂದೇ ಇಳಿದವು. ಒಳಗಿಂದ ಇಪ್ಪತ್ತು, ಇಪ್ಪತ್ತೆರಡರ ಹುಡುಗಿಯರು ಗುಂಪು ಗುಂಪಾಗಿ ಬಂದರು. ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚಿದವರು. ತಂಗುದಾಣದ ಹತ್ತಿರ ಬಂದರೂ ಕೂರಲಿಲ್ಲ. ಐದೈದು ಜನ ಸೇರಿ ಆಟೋ ಹಿಡಿದರು. ನಿಟ್ಟುವಳ್ಳಿ ಕಡೆಯವರು ಒಂದರಲ್ಲಿ, ಆವರಗೆರೆಯವರು ಇನ್ನೊಂದರಲ್ಲಿ. ಒಬ್ಬಳು ನನ್ನ ಕೈಯಲ್ಲಿದ್ದ ಪ್ಯಾಡ್ ನೋಡಿ ಗುರುತು ಹಿಡಿದಳು. “ಅಣ್ಣಾ, ಅವತ್ತು ಬೆಳಿಗ್ಗೆ ನಾವು ಬಸ್ ಇಳಿಯೋದನ್ನ ಬರ್ಕೊಂಡ್ರಿ. ರಾತ್ರಿ ಹೆಂಗೆ ಹೋಗ್ತೀರಿ ಅಂತ ಕೇಳಲೇ ಇಲ್ಲ.” ಅವಳ ಮಾರ್ಗದ ಕೊನೆಯ ಬಸ್ಸು ಎಂಟೂವರೆಗೇ ಹೋಗಿಯಾಗಿತ್ತು. ಬೆಳಿಗ್ಗೆ ಉಳಿಸಿದ ದುಡ್ಡು ರಾತ್ರಿ ಆಟೋಗೆ.

ನಮ್ಮ ಲೆಕ್ಕದ ದೋಷ ಅಲ್ಲಿ ಕಂಡಿತು. ಬಸ್ಸು ಹತ್ತಿದವರನ್ನು ಎಣಿಸಿದರೆ ಈಗ ಇರುವ ಬಸ್ಸು ಸರಿಯಾಗಿದೆ ಅಂತಲೇ ಉತ್ತರ ಬರುತ್ತದೆ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಹತ್ತಿದವರು ಸೊನ್ನೆ. ಸೊನ್ನೆ ಇದ್ದಲ್ಲಿ ಯಾರೂ ಬಸ್ಸು ಬಿಡುವುದಿಲ್ಲ.

ಇದರ ಜೊತೆಗೆ 2023ರ ಜೂನ್ 11. ಶಕ್ತಿ ಯೋಜನೆ ಶುರುವಾದ ದಿನ. ನಮ್ಮ ಜಿಲ್ಲೆಯಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸಿನ ಓಡಾಟ ಜೋರು. ಹೆಂಗಸರಿಗೆ ಟಿಕೆಟ್ ಇಲ್ಲದ್ದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಹಾಗಾಗಿ ಸ್ಟಾಪಿನಲ್ಲಿ ಹೊಸದೊಂದು ನೋಟ ಹುಟ್ಟಿತು: ಅರ್ಧ ಖಾಲಿ ಖಾಸಗಿ ಬಸ್ಸು ಬಂದು ನಿಂತರೂ ಹೆಂಗಸರು ಏಳುವುದಿಲ್ಲ, ಗಂಡಸರು ಹತ್ತಿ ಹೋಗುತ್ತಾರೆ. ಕಾಯುವ ಹೊತ್ತು ಹೆಚ್ಚಾಯಿತು, ಕೂರುವ ಜಾಗ ಸಾಲದಾಯಿತು. ಜನವರಿಯಲ್ಲಿ ಎಣಿಸಿ ಬೆಂಚಿನ ಉದ್ದ ನಿರ್ಧರಿಸಿದ ನನ್ನ ಲೆಕ್ಕ ಒಂದೇ ದಿನದಲ್ಲಿ ಹಳತಾಗಿತ್ತು. ಆದರೂ ಕಟ್ಟಿದ್ದು ಅದೇ ಬೆಂಚು, ಟೆಂಡರ್ ಆಗಿಹೋಗಿತ್ತಲ್ಲ.

ವ್ಯಾಪಾರಿಗಳ ಜೊತೆಗಿನ ಮಾತೂ ಈ ಕೆಲಸದ ಭಾಗವೇ. ಒಬ್ಬ ಮಾಲೀಕರು ಮೊದಲ ದಿನದಿಂದಲೂ, “ನಮ್ಮ ಗಿರಾಕಿ ಎಲ್ಲಾ ಗಾಡಿ ಮೇಲೆ ಬರೋರು. ಅಂಗಡಿ ಮುಂದೆ ಬಸ್ ನಿಂತ್ರೆ ಪಾರ್ಕಿಂಗ್ ಹೋಗ್ತದೆ, ವ್ಯಾಪಾರ ಹೋಗ್ತದೆ,” ಅನ್ನುತ್ತಿದ್ದರು. ಜಗಳ ಆಡಲಿಲ್ಲ. ಒಂದು ಶನಿವಾರ ನಿಮ್ಮ ಅಂಗಡಿಯಲ್ಲೇ ಕೂರುತ್ತೇನೆ ಅಂದೆ. ಬೆಳಿಗ್ಗೆ ಅಂಗಡಿ ಮುಂದೆ ನಿಂತ ಬೈಕುಗಳ ನಂಬರ್ ಬರೆದುಕೊಂಡೆ. ಮಧ್ಯಾಹ್ನ ನೋಡಿದರೂ ಅವೇ, ಸಂಜೆಯೂ ಬಹುಪಾಲು ಅವೇ. ಒಂದು ಅವರದು, ಎರಡು ಅವರ ಕೆಲಸದವರದು, ಉಳಿದವು ಅಕ್ಕಪಕ್ಕದ ಅಂಗಡಿಯವರದು. ಗಿರಾಕಿಗಳೋ, ದೊಡ್ಡ ಚೀಲ ಹಿಡಿದವರನ್ನು ಕೇಳಿದರೆ ಒಬ್ಬರ ಹಿಂದೆ ಒಬ್ಬರು ಬಸ್ಸಿನ ಮಾತೇ ಆಡಿದರು. ಮಾಲೀಕರು ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ಕಪ್ಪು ಬೈಕ್ ಯಾರದು ಅಂತ ನಂಗೊತ್ತು ಬಿಡ್ರಿ,” ಅಂದರು. ಒಪ್ಪಿಗೆ ಅಂತ ನಾನು ಬರೆದುಕೊಂಡೆ.

ಊರಿನ ಆಕಾರವೂ ಬಸ್ಸಿಗೆ ಒಗ್ಗಿದ್ದಲ್ಲ. ಮಧ್ಯದಲ್ಲಿ ರೈಲು ಹಳಿ. ಅಶೋಕ ರಸ್ತೆಯ ಗೇಟು ಬಿದ್ದರೆ ಊರು ಎರಡಾಗುತ್ತಿದ್ದದ್ದನ್ನು ನೋಡುತ್ತಲೇ ಬೆಳೆದವರು ನಾವು. ಮಿಲ್ಲುಗಳಿದ್ದ ಕಾಲಕ್ಕೆ ಪಾಳಿಯ ಕಾರ್ಮಿಕರು ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಹೋಗಿಬರುತ್ತಿದ್ದರು, ಬಸ್ಸಿನ ಹಂಗು ಅಷ್ಟಿರಲಿಲ್ಲ. 1997ರಲ್ಲಿ ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿ ಕಚೇರಿ ಪಿ.ಬಿ. ರಸ್ತೆಯ ಕರೂರು ಕಡೆ ಹೋಯಿತು, ವಿಶ್ವವಿದ್ಯಾಲಯ ತೋಳಹುಣಸೆಯಲ್ಲಿ. ಒಂದು ಸಹಿಗೆ ಒಂದು ದಿಕ್ಕು, ಒಂದು ಮಾರ್ಕ್ಸ್ ಕಾರ್ಡಿಗೆ ಇನ್ನೊಂದು ದಿಕ್ಕು. ಪೇಟೆ ಮಾತ್ರ ಇದ್ದಲ್ಲೇ ಇದೆ. ಅದಕ್ಕೇ ಪೇಟೆಯ ಅಭಿವೃದ್ಧಿ ಅಂದಾಗ ಗ್ರಾನೈಟ್ ಕಲ್ಲು, ಅಲಂಕಾರದ ದೀಪದ ಕಂಬಕ್ಕಿಂತ ಮೊದಲು ರಾತ್ರಿ ಒಂಬತ್ತೂಕಾಲಿನ ಒಂದು ಬಸ್ಸನ್ನು ಬರೆಯುವವನು ನಾನಾಗಿಬಿಟ್ಟಿದ್ದೇನೆ. ಆಫೀಸಿನಲ್ಲಿ ನಗುತ್ತಾರೆ.

ಆ ಒಂಬತ್ತೂಕಾಲಿನ ಬಸ್ಸು ಸುಲಭವಾಗಿ ಸಿಗಲಿಲ್ಲ. ಚಾಲಕ, ನಿರ್ವಾಹಕರ ದಿನದ ಡ್ಯೂಟಿ ಎಂಟು ಗಂಟೆಯದು, ಒಂದು ಟ್ರಿಪ್ ಎಳೆದರೆ ಇಡೀ ಶೆಡ್ಯೂಲ್ ಎಳೆಯಬೇಕು ಅಂದರು ಬಸ್ಸು ಬಿಡುವವರು. ಸುಳ್ಳಲ್ಲ. ಕೊನೆಗೆ ಮಧ್ಯಾಹ್ನ ಖಾಲಿ ಓಡುತ್ತಿದ್ದ ಒಂದು ಟ್ರಿಪ್ ಬಿಟ್ಟು, ಒಂದೇ ಮಾರ್ಗದಲ್ಲಿ, ನೋಡೋಣ ಅಂತ ರಾತ್ರಿಗೆ ಹಾಕಿದ್ದಾರೆ. ನಿಟ್ಟುವಳ್ಳಿಯ ಹುಡುಗಿಯರಿಗೆ ಸಿಕ್ಕಿತು, ಆವರಗೆರೆಯವರಿಗೆ ಇನ್ನೂ ಇಲ್ಲ. ಮುಂದಿನ ಎರಡು ಸ್ಟಾಪುಗಳಿಗೆ ಬೇ ಮಾಡಲಿಲ್ಲ. ಮೊದಲನೆಯದು ಹಾಗೇ ಇದೆ. ಬಸ್ಸು ಈಗಲೂ ಬೇವಿನ ಮರದ ಕೆಳಗೇ ನಿಲ್ಲುತ್ತದೆ.

ಹೊಸ ಫಾರಂನಲ್ಲಿ ಮೂರನೇ ಕಾಲಂ ಹಾಕಿಸಿದ್ದೇನೆ: ‘ಹತ್ತಲಿಲ್ಲ’. ಕಳೆದ ತಿಂಗಳು ಸೇರಿದ ಹುಡುಗಿಯೊಬ್ಬಳು, “ಸರ್, ಇದಕ್ಕೆ ಕಾರಣನೂ ಬರೀಬೇಕಾ?” ಅಂದಳು. ಕೇಳಿ ಬರಿಯಮ್ಮ, ಅಂದೆ. ಸಂಜೆ ತಂದುಕೊಟ್ಟ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ಮೆಟ್ಟಿಲು ಎತ್ತರ. ಫ್ರೀ ಬಸ್ಸಿಗೆ ಕಾಯುತ್ತಿದ್ದಾರೆ. ಮಂಡಕ್ಕಿ ಚೀಲ ದೊಡ್ಡದು, ಕಂಡಕ್ಟರ್ ಬೇಡ ಅಂದರು. ಬೋರ್ಡ್ ಓದಲು ಬರಲಿಲ್ಲ, ಕೇಳುವಷ್ಟರಲ್ಲಿ ಹೋಯಿತು. ಕೊನೆಯ ಸಾಲು: ಬಸ್ಸಿಗಲ್ಲವಂತೆ, ಸೊಸೆ ಮನೆಯಲ್ಲಿ ಇರೋವರೆಗೂ ಇಲ್ಲೇ ಕೂರ್ತಾರಂತೆ, ನೆರಳು ಚೆನ್ನಾಗಿದೆಯಂತೆ.