ಗಾಂಧಾರ ಇರುವ ತಂತಿ

ದಾವಣಗೆರೆ, 16 ನವೆಂಬರ್ 2024, ಶನಿವಾರ

ಗಿಟಾರಿನ ಇ ಮೇಜರ್ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಸುವ ಗುಚ್ಛ) ಇವತ್ತು ಆರೂ ತಂತಿಯಲ್ಲಿ ಸ್ವಚ್ಛವಾಗಿ ನುಡಿಯಿತು. ತುಂಬಾ ಖುಷಿಯಾಗಿದೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಅತಿ ತೆಳು ತಂತಿ ಮೊದಲನೆಯದು, ಅತಿ ದಪ್ಪದ್ದು ಆರನೆಯದು. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ. ನಡುಬೆರಳು ಐದನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ತೋರುಬೆರಳು ಮೂರನೇ ತಂತಿಯ ಮೊದಲ ಫ್ರೆಟ್‌ನಲ್ಲಿ. ಉಳಿದ ಮೂರು ತಂತಿ ಖಾಲಿ. ಇಷ್ಟೇ. ಆದರೆ ತೋರುಬೆರಳು ಒಂಚೂರು ವಾಲಿದರೂ ಪಕ್ಕದ ಎರಡನೇ ತಂತಿಗೆ ತಾಗಿ ಅದರ ದನಿ ಸತ್ತೇ ಹೋಗುತ್ತದೆ. ಅದಕ್ಕೇ ಒಟ್ಟಿಗೆ ಮೀಟುವ ಮೊದಲು ಒಂದೊಂದೇ ತಂತಿ ಮೀಟಿ ನೋಡಬೇಕು. ಬೆರಳ ತುದಿ ನೆಟ್ಟಗೆ ನಿಲ್ಲಬೇಕು, ಫ್ರೆಟ್ ಪಟ್ಟಿಯ ಮೇಲಲ್ಲ, ಅದರ ಹಿಂದೆ ಅಂಟಿಕೊಂಡ ಹಾಗೆ. ಎಡಗೈ ಉಗುರು ಬೆಳೆದಿದ್ದರೆ ಇದು ಆಗುವ ಮಾತಲ್ಲ.

ಸಂಜೆ ಅಕ್ಕ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಳು. "ತಿಂದ್ಮೇಲೆ ಕೈ ತೊಳ್ಕಂಡು ಮುಟ್ಟು ಅದನ್ನ" ಅಂದಳು. ಅವಳು ಕರ್ನಾಟಕ ಸಂಗೀತ ಕಲಿತವಳು. ನಾನು ಕಾರ್ಡ್ ಮೀಟಿದ ಕೂಡಲೇ, "ಇದು ಸ ಗ ಪ ಅಲ್ವಾ?" ಅಂದುಬಿಟ್ಟಳು.

ಹೌದು, ಅದೇ. ಮೇಜರ್ ಕಾರ್ಡ್ ಅಂದರೆ ಷಡ್ಜ, ಅಂತರ ಗಾಂಧಾರ, ಪಂಚಮ. ಶಂಕರಾಭರಣ ರಾಗದ ಸ ಗ ಪ. ಫ್ರೆಟ್ ಲೆಕ್ಕದಲ್ಲಿ ಸ ಇಂದ ಗ ನಾಲ್ಕು ಮನೆ (ಒಂದು ಫ್ರೆಟ್ ಅಂದರೆ ಒಂದು ಮನೆ), ಗ ಇಂದ ಪ ಮೂರು ಮನೆ. ಇಬ್ಬರೂ ಕೂತು ಒಂದೊಂದು ತಂತಿಯ ಸ್ವರ ಹಾಡಿ ನೋಡಿದೆವು. ದಪ್ಪ ತಂತಿಯಿಂದ ಶುರುಮಾಡಿದರೆ ಸ, ಪ, ಸ, ಗ, ಪ, ಸ. ಮೂರು ಸ, ಎರಡು ಪ. ಗ ಮಾತ್ರ ಒಂದೇ ಒಂದು, ಅದೂ ತೋರುಬೆರಳಿನ ಕೆಳಗೆ! ಪಾತ್ರೆ ತುಂಬ ಸಾರಿಗೆ ಒಂದು ಚಿಟಿಕೆ ಇಂಗು ಹಾಕಿದ ಹಾಗೆ, ಇಡೀ ಕಾರ್ಡಿನ ಗುಣ ಆ ಒಂದು ತಂತಿಯಲ್ಲಿದೆ.

ತೋರುಬೆರಳು ಎತ್ತಿದೆ. ಗಾಂಧಾರ ಒಂದು ಮನೆ ಕೆಳಗಿಳಿದು ಸಾಧಾರಣ ಗಾಂಧಾರ ಆಯಿತು. ಅಕ್ಕ ತಕ್ಷಣ ಖರಹರಪ್ರಿಯ ರಾಗದ ಸ ರಿ ಗ ಹಿಡಿದಳು. ಗಿಟಾರಿನವರ ಲೆಕ್ಕದಲ್ಲಿ ಅದು ಇ ಮೈನರ್. ಮತ್ತೆ ಬೆರಳಿಟ್ಟರೆ ಮೇಜರ್. ಸುಮಾರು ಹೊತ್ತು ಇದನ್ನೇ ಮಾಡುತ್ತಾ ಕೂತಿದ್ದೆವು. ಮೇಜರ್ ಅಂದರೆ ಸಂತೋಷ, ಮೈನರ್ ಅಂದರೆ ದುಃಖ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಖರಹರಪ್ರಿಯ ಕೇಳಿದವರಿಗೆ ಅದು ಬರೀ ದುಃಖ ಅನ್ನಿಸುತ್ತಾ?

ಅಕ್ಕನ ಕಿವಿ ಇನ್ನೊಂದು ಸೂಕ್ಷ್ಮ ಹಿಡಿಯಿತು. "ನಿನ್ನ ಗ ಒಂಚೂರು ಏರೈತಿ ನೋಡು" ಅಂದಳು. ತಂಬೂರಿಯ ಮಂದ್ರ ಷಡ್ಜದ ತಂತಿ ಮೀಟಿದಾಗ ತಾನಾಗೇ ಒಂದು ಗಾಂಧಾರ ಹೊಮ್ಮುತ್ತದೆ. ಅವಳ ಕಿವಿ ಪಳಗಿರುವುದು ಅದಕ್ಕೆ. ಗಿಟಾರಿನಲ್ಲೂ ಅದು ಸಿಗುತ್ತದೆ: ಆರನೇ ತಂತಿಯನ್ನು ನಾಲ್ಕನೇ ಫ್ರೆಟ್‌ ಹತ್ತಿರ ಒತ್ತದೆ, ಬೆರಳು ಸುಮ್ನೆ ತಾಗಿಸಿ ಮೀಟಬೇಕು. ಆ ಸಣ್ಣ ದನಿ ಖಾಲಿ ತಂತಿಯ ಕಂಪನದ ಸರಿಯಾಗಿ ಐದು ಪಟ್ಟು. ಅದು ನುಡಿಯುತ್ತಿರುವಾಗಲೇ ಮೊದಲನೇ ತಂತಿಯ ನಾಲ್ಕನೇ ಫ್ರೆಟ್ ಒತ್ತಿ ಮೀಟಿದೆ. ಎರಡೂ ಗಾಂಧಾರವೇ, ಆದರೆ ಕೂಡಲಿಲ್ಲ. ದನಿ ಅಲೆ ಅಲೆಯಾಗಿ ನಡುಗಿತು. ಒಂದು ಮನೆಯನ್ನು 100 ಸೆಂಟ್ ಅಂದುಕೊಂಡರೆ ಫ್ರೆಟ್ಟಿನ ಗ ಸುಮಾರು 14 ಸೆಂಟ್ ಮೇಲಿದೆ. ಸ್ಥಾಯಿಯನ್ನು, ಅಂದರೆ ಸ ಇಂದ ಮೇಲಿನ ಸ ವರೆಗಿನ ಅಂತರವನ್ನು, 12 ಸಮ ಭಾಗ ಮಾಡಿ ಫ್ರೆಟ್ ಕೂರಿಸಿರುವುದರಿಂದ ಹೀಗೆ. ಯಾವ ಶ್ರುತಿಗೆ ಹೋದರೂ ಅದೇ ಕಾರ್ಡ್ ನುಡಿಸಬಹುದು ಅನ್ನುವುದು ಅದರ ಲಾಭ. ನನಗೆ ಎರಡೂ ಗಾಂಧಾರ ಬೇಕು.

ಅಕ್ಕ ಹೋದ ಮೇಲೆ ಬೇರೆ ಕಾರ್ಡ್‌ಗಳಲ್ಲಿ ಗ ಎಲ್ಲಿದೆ ಅಂತ, ಆಯಾ ಕಾರ್ಡಿನ ಮೂಲ ಸ್ವರವನ್ನೇ ಸ ಅಂದುಕೊಂಡು, ಹುಡುಕಿದೆ. ಎ ಮೇಜರ್‌ನಲ್ಲಿ ಎರಡನೇ ತಂತಿ, ಡಿ ಮೇಜರ್‌ನಲ್ಲಿ ಮೊದಲನೇ ತಂತಿ, ಎರಡರಲ್ಲೂ ಎರಡನೇ ಫ್ರೆಟ್. ಅಲ್ಲೂ ಗ ಒಂದೊಂದೇ! ಆ ಬೆರಳನ್ನು ಒಂದು ಫ್ರೆಟ್ ಹಿಂದೆ ತಂದರೆ ಮೈನರ್ ರೆಡಿ, ಉಳಿದ ಬೆರಳು ಹೇಗಾದರೂ ಜೋಡಿಸಿಕೊಳ್ಳಬಹುದು. ಸಿ ಮೇಜರ್‌ನಲ್ಲಿ ಮಾತ್ರ ಗ ಎರಡು ಕಡೆ ಇದೆ, ನಾಲ್ಕನೇ ತಂತಿಯಲ್ಲೂ ಮೊದಲನೇ ತಂತಿಯಲ್ಲೂ. ಅದನ್ನು ಆಮೇಲೆ ನೋಡೋಣ. ನಾಳೆ ಡಿ ಮೇಜರ್. ಮೊದಲನೇ ತಂತಿ ಸರಿಯಾಗಿ ನುಡಿದ ಮೇಲೇ ಉಳಿದದ್ದು.